ಗೋಸುಂಬೆಗೆ ಎಷ್ಟು ಜಾಗ ಬೇಕು

ಯಾದಗಿರಿಯಲ್ಲಿ ನಾನಿರುವ ಬಾಡಿಗೆ ಮನೆಯ ಅಡುಗೆಕೋಣೆಗೆ ಕಿಟಕಿಯಿಂದ ಇಲಿಗಳು ಬರುತ್ತಿದ್ದವು. ಹೋದ ತಿಂಗಳು ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಜಾಲರಿ ಕೇಳಿದೆ. ಅಂಗಡಿಯವನು ಒಳಗಿನಿಂದ ಒಂದು ಸುರುಳಿ ತಂದು ನೆಲದ ಮೇಲೆ ಉರುಳಿಸಿ ಬಿಚ್ಚಿದ. ಹಸಿರು ಪ್ಲಾಸ್ಟಿಕ್ ಹೊದಿಸಿದ ತಂತಿ ಜಾಲರಿ. ಬಿಚ್ಚಿದ ಕೂಡಲೇ ಅದರ ವಾಸನೆ ಮುಖಕ್ಕೆ ಬಂತು... ಬಿಸಿಲಲ್ಲಿ ಇಟ್ಟ ಹೊಸ ಪ್ಲಾಸ್ಟಿಕ್ ಕೊಡದ ವಾಸನೆ, ಅದರಡಿಯಲ್ಲಿ ಸ್ವಲ್ಪ ಕಬ್ಬಿಣದ್ದು.

“ಎಷ್ಟ ಕೊಯ್ಯಲಿ ಅಕ್ಕಾರ?” ಎಂದು ಅವನು ಕೇಳುತ್ತಿದ್ದ. ನಾನು ಬಗ್ಗಿ ಜಾಲರಿಯ ಕಣ್ಣಿನಲ್ಲಿ ಕಿರುಬೆರಳು ತೂರಿಸಿ, ತುದಿ ಚುಚ್ಚುತ್ತದೆಯೇ ಎಂದು ನೋಡುತ್ತಿದ್ದೆ. ಇಲಿಗೆ ಹಾಕುವ ಜಾಲರಿಯನ್ನು ಯಾರೂ ಹಾಗೆ ನೋಡುವುದಿಲ್ಲ. ಉಗುರು ಸಿಕ್ಕಿಕೊಳ್ಳುವ ಪ್ರಾಣಿಗೆ ಹಾಕುವಾಗ ಹಾಗೆ ನೋಡಬೇಕು. ನನಗೆ ಅದನ್ನು ಹೇಳಿದವರು ಲೈನ್‌ಮನ್ ಚಾಚಾ.

ಸುರಪುರದ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಲೈನ್‌ಮನ್ ಎಂದೇ ಕರೆಯುತ್ತಿದ್ದರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಮನೆಯೊಳಗೆ ಉರ್ದು, ನಮ್ಮ ಮನೆಯೊಳಗೆ ಕನ್ನಡ. ಗೋಡೆಯ ಮೇಲಿಂದ ಹೋಗಿಬರುವ ಮಾತು ಎರಡೂ ಕಲಸಿದ್ದು. ಅಪ್ಪ ತೀರಿಕೊಂಡ ಮೇಲೆ ಅವ್ವ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಹಾಕಿದಾಗ ಕಂಬ ಹತ್ತಿ ಕರೆಂಟು ಕೊಟ್ಟವರು ಅವರೇ. ಕೊಟ್ಟು ಇಳಿದು ಬಂದವರು ತಾವು ಸ್ವಿಚ್ ಮುಟ್ಟಲಿಲ್ಲ. “ಅಕ್ಕಾ, ಪಹಿಲಾ ನೀವು ಹಾಕ್ರಿ” ಎಂದು ದೂರ ಸರಿದು ನಿಂತರು. ಗಾಳಿಮಳೆಗೆ ಕರೆಂಟು ಹೋದ ದಿನಗಳಲ್ಲಿ ಕಂಬದ ತುದಿಯಿಂದ “ಲೈನ್ ಬಿಡ್ತಾರ ನೋಡ್ರಿ, ಹುಷಾರ್!” ಎಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದರು. ಕೆಳಗಿದ್ದ ನಮಗೆ ಅವರ ಬೂಟಿನ ಅಡಿ ಮಾತ್ರ ಕಾಣುತ್ತಿತ್ತು.

ಕಕ್ಕೇರಾ ಕಡೆ ಹೊಲದ ಕಂಬವೊಂದರಿಂದ ಅವರು ಜಾರಿ ಬಿದ್ದಾಗ ನಾನು ಊರಲ್ಲಿರಲಿಲ್ಲ. ಮಳೆಯ ಮರುದಿನವಂತೆ, ಕಂಬ ಒದ್ದೆ ಇತ್ತಂತೆ. ಬೆನ್ನಿಗೆ ಪೆಟ್ಟು ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಅವ್ವ ಫೋನಿನಲ್ಲಿ ಹೇಳಿದಾಗ ನಾನು ಅಯ್ಯೋ ಎಂದೆ. ಆಮೇಲೆ ಮರೆತೆ. ಹೊಸದಾಗಿ ಮದುವೆಯಾಗಿತ್ತು.

ನನ್ನನ್ನು ಕೊಂಕಲ್‌ಗೆ ಕೊಟ್ಟಿದ್ದರು. ಗಂಡ ಒಂದು ಬೆಳಿಗ್ಗೆ ಹೊಲಕ್ಕೆ ನೀರು ತಿರುವಲು ಹೋದವನು ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತನಂತೆ. ಕೂತವನು ಹಾಗೇ ವಾಲಿದನಂತೆ. ಇದೆಲ್ಲ ಬೇರೆಯವರು ಹೇಳಿದ್ದು. ನಾನು ಆಗ ರೊಟ್ಟಿ ಬಡಿಯುತ್ತಿದ್ದೆ. ಸುದ್ದಿ ತಂದವನ ಮಾತು ಮುಗಿದ ಮೇಲೆ ನಾನು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ, ಬೇಯಿಸಿ, ಬುಟ್ಟಿಗೆ ಹಾಕಿ, ಬಟ್ಟೆ ಮುಚ್ಚಿ, ಆಮೇಲೆ ಎದ್ದೆ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಇರಬಹುದು... ನನಗೆ ರೊಟ್ಟಿಯೂ ನೆನಪಿಲ್ಲ.

ತವರಿಗೆ ಬಂದೆ. ಒಳಕೋಣೆಯಲ್ಲಿ ಕೂತಿರುತ್ತಿದ್ದೆ. ಗಿರಣಿ ಶುರುವಾದರೆ ಇಡೀ ಮನೆ ನಡುಗುತ್ತದೆ. ಅದು ನಡುಗುವಷ್ಟು ಹೊತ್ತು ಯಾರೂ ನನ್ನನ್ನು ಮಾತಾಡಿಸಲು ಬರುತ್ತಿರಲಿಲ್ಲ. ಅದು ಹಿತವಾಗಿತ್ತು. ಹಿತ ಅಂದರೂ ತಪ್ಪೇ. ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ.

ಪಕ್ಕದ ಮನೆಯ ಚಾಚಿ, ಲೈನ್‌ಮನ್ ಚಾಚಾನ ಹೆಂಡತಿ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಲು ಹೋಗುತ್ತಿದ್ದರು; ಬರದ ವರ್ಷವಾದ್ದರಿಂದ ಬೇಸಿಗೆ ರಜೆಯಲ್ಲೂ ಊಟ ಇತ್ತು. ಅವರಿಗೆ ಮಕ್ಕಳಿರಲಿಲ್ಲ. ಒಂದು ದಿನ ಗೋಡೆಯ ಆ ಕಡೆಯಿಂದ ಅವ್ವನಿಗೆ, “ನಾ ಸಾಲಿಯಿಂದ ಬರೋತನಕ ನಿಮ್ಮ ಮಗಳಿಗಿ ಜರಾ ನಮ್ಮ ಮನ್ಯಾಗ ಕುಂಡ್ರಾಕ ಕಳಸ್ರಿ ಅಕ್ಕಾ. ಅವರಿಗಿ ನೀರು ಕೊಡಾಕ ಯಾರರ ಒಬ್ರು ಬೇಕು” ಅಂದರು. ಅವ್ವ ನನ್ನ ಮುಖ ನೋಡಲಿಲ್ಲ. “ಕಳಸ್ತೀನಿ” ಅಂದಳು. ನನ್ನನ್ನು ಒಳಕೋಣೆಯಿಂದ ಎಬ್ಬಿಸಲು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂದು ಈಗ ಅನ್ನಿಸುತ್ತದೆ.

ಹೋದೆ. ಚಾಚಾ ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿದ್ದರು. ಅವರು ಜಂತಿ ನೋಡುತ್ತಿದ್ದರು, ನಾನು ನೆಲದ ಪರಸಿಕಲ್ಲು ನೋಡುತ್ತಿದ್ದೆ. ಮೂಲೆಯಲ್ಲಿ ಒಂದು ಗಾಲಿಕುರ್ಚಿ ಇತ್ತು. ಅವರ ಜೊತೆಗಾರರು ತಂದುಕೊಟ್ಟದ್ದು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿರಲಿಲ್ಲ. ಹಿಡಿಕೆಗಳ ಮೇಲೆ ಟವೆಲ್ಲು, ಲುಂಗಿ ಒಣಗುತ್ತಿದ್ದವು. ಅವರು ಅದರಲ್ಲಿ ಒಂದು ದಿನವೂ ಕೂತಿಲ್ಲವೆಂದು ಅವ್ವ ಹೇಳಿದ್ದಳು. ಕುರ್ಚಿಯಲ್ಲಿ ಕೂತರೆ ಹೊರಗೆ ಹೋಗಬೇಕಾಗುತ್ತದೆ. ಹೊರಗೆ ಹೋದರೆ ಓಣಿ ನೋಡುತ್ತದೆ. ಗೋಡೆಯ ಮೇಲೆ ಒಂದು ಕಡೆ ಚೌಕಾಕಾರದಲ್ಲಿ ಸುಣ್ಣ ಬೆಳ್ಳಗಿತ್ತು. ಕನ್ನಡಿ ಇದ್ದ ಜಾಗ. ಅದನ್ನು ಅವರೇ ತೆಗೆಸಿದ್ದರು.

ಹೀಗೆ ನಾವಿಬ್ಬರೂ ಮಾತಿಲ್ಲದೆ ಎಷ್ಟೋ ಮಧ್ಯಾಹ್ನಗಳನ್ನು ಕಳೆದೆವು. “ನೀರು” ಅಂದರೆ ಕೊಡುತ್ತಿದ್ದೆ. ಚಾಚಿ ಬಂದರೆ ಎದ್ದು ಬರುತ್ತಿದ್ದೆ.

ಬೇಸಿಗೆಯಲ್ಲಿ, ಮಳೆಗೆ ಮುಂಚೆ, ತಂತಿಗೆ ತಾಗುವ ಟೊಂಗೆಗಳನ್ನು ಕಡಿಯಲು ಲೈನ್‌ಮನ್‌ಗಳು ಓಣಿಗೆ ಬಂದರು. ಚಾಚಾನ ಕೈಕೆಳಗೆ ಕೆಲಸ ಕಲಿತ ಹುಡುಗರು. ಚಾಚಾನ ಅಂಗಳದ ಬೇವಿನ ಟೊಂಗೆಯ ಜೊತೆ ಒಂದು ಗೋಸುಂಬೆ ಕೆಳಗೆ ಬಿದ್ದಿತ್ತು. ಅದರ ಹಿಂಗಾಲು ಟೊಂಗೆಯಡಿ ಸಿಕ್ಕು ಬಾತಿತ್ತು. ಉಸ್ತಾದರಿಗೆ ತೋರಿಸೋಣ ಎಂದು ಕೋಲಿನ ಮೇಲೆ ಅದನ್ನು ಹಿಡಿದುಕೊಂಡು ಒಳಗೆ ಬಂದರು. ಅವರಲ್ಲೊಬ್ಬ ನಗುತ್ತಾ, “ಉಸ್ತಾದ್, ಇದೂ ನಿಮ್ಮಂಗ ಮ್ಯಾಲಿಂದ ಬಿದ್ದದ ನೋಡ್ರಿ” ಅಂದುಬಿಟ್ಟ.

ಅಂದ ಮೇಲೆ ಅವನ ಮುಖ ಸಣ್ಣದಾಯಿತು. ಚಾಚಾ ಜಂತಿಯಿಂದ ಕಣ್ಣು ತೆಗೆದು ಕೋಲಿನ ಕಡೆ ಹೊರಳಿದರು. ಗೋಸುಂಬೆ ಕಪ್ಪಾಗಿತ್ತು. ಬಾಯಿ ತೆರೆದು ಬುಸ್ ಎನ್ನುತ್ತಿತ್ತು. ಒಂದು ಕಣ್ಣು ನಮ್ಮ ಕಡೆ, ಇನ್ನೊಂದು ಬಾಗಿಲ ಕಡೆ ತಿರುಗುತ್ತಿತ್ತು.

“ಇಲ್ಲೇ ಇಟ್ಟು ಹೋಗ್ರಿ” ಅಂದರು.

ಮೊದಲು ಕೋಳಿ ಮುಚ್ಚುವ ಬುಟ್ಟಿಯಡಿ ಇಟ್ಟೆವು. ಅದು ಬುಟ್ಟಿಯ ಬುಡದಲ್ಲಿ ಮುದುಡಿಕೊಂಡು, ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ನಾನು ಮಿಡತೆ ಹಿಡಿದು ಹಾಕಿದರೂ ನಾಲಿಗೆ ಚಾಚಲಿಲ್ಲ. ಗೋಸುಂಬೆ ಮನೆಯಲ್ಲಿ ಇರಬಾರದೆಂದು ನಮ್ಮವರಲ್ಲೂ ಹೇಳುತ್ತಾರೆ, ಅವರಲ್ಲೂ ಹೇಳುತ್ತಾರೆ. ಅವ್ವ ಗೋಡೆಯ ಆಚೆಯಿಂದಲೇ, “ಮೊದ್ಲೇ ಹಣೆಬರಾ ನೆಟ್ಟಗಿಲ್ಲ, ಮ್ಯಾಲ ಗೋಸುಂಬಿ ಬ್ಯಾರೆ ಮುಟ್ಟಾಕತ್ತಾಳ” ಎಂದು ಗೊಣಗಿದಳು. ನಾನು ಕೇಳಿಸಿಕೊಂಡೆ. ಕೆಟ್ಟದ್ದು ಬರಬೇಕಾದರೆ ಅದಕ್ಕೆ ಇನ್ನೆಲ್ಲಿ ಜಾಗವಿದೆ ಎಂದು ಯೋಚಿಸಿದ್ದು ನೆನಪಿದೆ.

“ನಿನ್ನ ಫೋನಿನ್ಯಾಗ ನೋಡು ಬೇಟಾ. ಇದಕ್ಕ ಎಷ್ಟ ದೊಡ್ಡ ಪಿಂಜರಾ ಬೇಕು?” ಎಂದು ಚಾಚಾ ಕೇಳಿದರು. ಅವರು ನೀರಲ್ಲದೆ ಬೇರೇನನ್ನಾದರೂ ಕೇಳಿದ್ದು ಅದೇ ಮೊದಲು.

ನೋಡಿದೆ. ಬರೆದವರೆಲ್ಲ ಹೊರದೇಶದವರು, ಅಂಗಡಿಯಲ್ಲಿ ಕೊಂಡು ಸಾಕುವವರು. ಅವರ ಗೋಸುಂಬೆಯ ಜಾತಿಯೂ ಬೇರೆ. ಆದರೂ ಓದಿ ಹೇಳಿದೆ. ಅಗಲಕ್ಕಿಂತ ಎತ್ತರ ಹೆಚ್ಚಿರಬೇಕು. ಎಲ್ಲ ಕಡೆಯಿಂದ ಗಾಳಿ ಆಡಬೇಕು, ಬಿಸಿಲೂ ಬೇಕು. ಬೆಳೆದ ಪ್ರಾಣಿಗೆ ಕನಿಷ್ಠ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರ ಬೇಕು, ದೊಡ್ಡದಾದಷ್ಟೂ ಒಳ್ಳೆಯದು. ಮೇಲಿನಿಂದ ಯಾರಾದರೂ ಬಗ್ಗಿ ನೋಡಿದರೆ ಅದು ಹೆದರುತ್ತದೆ, ಆದ್ದರಿಂದ ಮನುಷ್ಯರ ಕಣ್ಣಿಗಿಂತ ಎತ್ತರದಲ್ಲಿ ಕೂರಲು ಅದಕ್ಕೆ ಕೊಂಬೆ ಇರಬೇಕು. ನಮ್ಮ ದೇಶದಲ್ಲಿ ಇದನ್ನು ಸಾಕುವುದು ಕಾನೂನಿಗೆ ವಿರುದ್ಧ ಎಂಬುದನ್ನೂ ಓದಿದೆ.

ಚಾಚಾ, “ಸಾಕಾಕಲ್ಲ. ಕಾಲು ನೆಟ್ಟಗಾಗೋ ತನಕ” ಅಂದರು. ಅಂದವರು ತಮಗೆ ಗೊತ್ತಿದ್ದ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರಿಗೆ ಫೋನ್ ಹಚ್ಚಿಸಿದರು. ಪಶು ಆಸ್ಪತ್ರೆಗೆ ತೋರಿಸಿರಿ, ವಾಸಿಯಾದ ಮೇಲೆ ನಾನೇ ಬಂದು ಗುಡ್ಡದಲ್ಲಿ ಬಿಡಿಸುತ್ತೇನೆ ಎಂದು ಗಾರ್ಡ್ ಹೇಳಿದರು. ಬುಟ್ಟಿಯ ಸಮೇತ ನಾನೇ ಒಯ್ದು ತೋರಿಸಿದೆ. ಮೂಳೆ ಮುರಿದಿಲ್ಲ, ಮತ್ತೆ ಬೀಳದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಗಂಡ ಹೋದಮೇಲೆ ನಾನು ಒಬ್ಬಳೇ ಓಣಿ ದಾಟಿದ್ದು ಅಂದೇ ಮೊದಲು. ದಾರಿಯಲ್ಲಿ ಯಾರು ನೋಡಿದರು, ಏನು ಅಂದರು, ಒಂದೂ ನೆನಪಿಲ್ಲ. ಬುಟ್ಟಿ ಅಲುಗಬಾರದೆಂದು ಅದನ್ನೇ ನೋಡುತ್ತಾ ನಡೆದಿದ್ದೆ.

ಚಾಚಿಯ ತಮ್ಮನ ಮನೆಯಲ್ಲಿ ಮೀನಿನ ಗಾಜಿನ ಪೆಟ್ಟಿಗೆ ಖಾಲಿ ಬಿದ್ದಿತ್ತು. ಅದನ್ನು ತಂದು ಕೊಂಬೆ ಇಟ್ಟು ಗೋಸುಂಬೆಯನ್ನು ಒಳಗೆ ಬಿಟ್ಟೆವು. ಅದು ಬುಟ್ಟಿಯಲ್ಲಿದ್ದುದಕ್ಕಿಂತ ಕೆಟ್ಟದಾಗಿ, ಗಂಟಲು ಉಬ್ಬಿಸಿ, ಗಾಜಿಗೆ ಬಾಯಿ ಬಡಿಯತೊಡಗಿತು.

“ತಗೀ ತಗೀ” ಎಂದು ಚಾಚಾ ಕೂಗಿದರು. “ಗಾಜಿನ್ಯಾಗ ಅದಕ್ಕ ಅದರ ಮಾರಿನೇ ಕಾಣಕತ್ತದ.”

ತೆಗೆದೆ. ಆಮೇಲೆ ಶಹಾಪುರದಿಂದ ಜಾಲರಿ ತರಿಸಿದರು. ಹಸಿರು ಪ್ಲಾಸ್ಟಿಕ್ಕಿನದು, ಉಗುರಿಗೆ ಪೆಟ್ಟಾಗದಂಥದ್ದು. ಮಂಚದ ಮೇಲೆ ಬಿಚ್ಚಿಸಿಕೊಂಡು, ಕಣ್ಣು ಕಣ್ಣಿಗೂ ಕಿರುಬೆರಳು ತೂರಿಸಿ ನೋಡಿದರು. ಕೋಣೆ ತುಂಬ ಆ ವಾಸನೆ ಇತ್ತು.

ಪಂಜರ ಎಲ್ಲಿಡಬೇಕು, ಎಷ್ಟು ದೊಡ್ಡದಿರಬೇಕು ಎಂಬ ಮಾತು ಬಂದದ್ದು ಆಗ. ಅಂದು ಭಾನುವಾರ, ಚಾಚಿ ಮನೆಯಲ್ಲೇ ಇದ್ದರು. ಚಾಚಾ ಬೆಳಗಿನಿಂದ ನನ್ನ ಕೈಯಲ್ಲಿ ಟೇಪು ಹಿಡಿಸಿ ಕೋಣೆಯನ್ನೆಲ್ಲ ಅಳೆಸಿದ್ದರು. ನಾಲ್ಕಡಿ ಅವರಿಗೆ ಒಪ್ಪಿಗೆ ಇರಲಿಲ್ಲ. ಮರದಲ್ಲಿದ್ದ ಪ್ರಾಣಿಗೆ ನಾಲ್ಕಡಿ ಎಂದರೆ ಏನು? ನೆಲದಿಂದ ಜಂತಿಯವರೆಗೆ ಬೇಕು. ಮಂಚದಿಂದ ಕಾಣುವಂತಿರಬೇಕು. ಅಂಥ ಜಾಗ ಆ ಕೋಣೆಯಲ್ಲಿ ಒಂದೇ ಇತ್ತು. ಗಾಲಿಕುರ್ಚಿ ಇದ್ದ ಮೂಲೆ.

“ಕುರ್ಚಿ ಎಲ್ಲಿ ಇಡ್ತೀರಿ?” ಎಂದು ಚಾಚಿ ಒಲೆಯ ಮುಂದಿನಿಂದ ಕೇಳಿದರು.

“ಹೊರಗ ಇಡು. ಇಲ್ಲಂದ್ರ ಯಾರಿಗರ ಕೊಡು.”

ಚಾಚಿ ಎದ್ದು ಬಂದರು. ಕೈಯಲ್ಲಿ ಸೌಟು ಹಾಗೇ ಇತ್ತು. “ಗಿರ್ಗಿಟ್‌ಗೆ ಎಷ್ಟ ಜಾಗ ಬೇಕು ಅಂತ ಮುಂಜಾನಿಂದ ಅಳಿಯಾಕತ್ತೀರಿ. ಈ ಕುರ್ಚಿಗಿ ಎಷ್ಟ ಬೇಕು ಅಂತ ಒಮ್ಮೆರ ಕೇಳೀರೇನು?”

“ನಾ ಅದರಾಗ ಕುಂಡ್ರಂಗಿಲ್ಲ ಅಂತ ಹೇಳೀನಲ್ಲ.”

“ಕುಂಡ್ರಬ್ಯಾಡ್ರಿ. ಆದ್ರ ಆ ಕುರ್ಚಿ ಈ ಮನಿ ಹೊಸ್ತಿಲಾ ಖಾಲಿ ದಾಟಂಗಿಲ್ಲ. ನಾ ಇರೋತನಕ ದಾಟಂಗಿಲ್ಲ.”

ಚಾಚಿ ಅತ್ತದ್ದನ್ನು ನಾನು ಎಂದೂ ನೋಡಿರಲಿಲ್ಲ. ಅಂದೂ ಅಳಲಿಲ್ಲ. ಸೌಟಿನಿಂದ ಬೇಳೆಯ ನೀರು ಪರಸಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಟೇಪು ನನ್ನ ಕೈಯಲ್ಲೇ ಇತ್ತು. ಅದನ್ನು ಸುತ್ತಲೋ ಬಿಡಲೋ ಗೊತ್ತಾಗದೆ ನಿಂತಿದ್ದೆ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಚಾಚಿ ನನ್ನನ್ನು ಅಂಗಳಕ್ಕೆ ಕರೆದರು. ಟೊಂಗೆ ಕಡಿಸಿಕೊಂಡ ಬೇವಿನಡಿ ಒಂದು ಜಾಗ ತೋರಿಸಿ, ಒಳಗಿದ್ದವರಿಗೂ ಕೇಳುವ ಹಾಗೆ ಹೇಳಿದರು: “ಪಿಂಜರಾ ಇಲ್ಲಿ ಕಟ್ಟು. ಅವರಿಗಿ ಎಷ್ಟ ಎತ್ತರ ಬೇಕೋ ಅಷ್ಟ ಎತ್ತರ ಕಟ್ಟು. ಬಿಸಿಲೂ ಬರ್ತದ, ಗಾಳಿನೂ ಬರ್ತದ. ಒಳಗ ಯಾಕ ಬೇಕು?”

ಚಾಚಾ ಬೇಡ ಅನ್ನಲಿಲ್ಲ. ಬಿಸಿಲು, ಗಾಳಿ ಬೇಕೆಂದು ಓದಿಸಿದ್ದವರು ಅವರೇ.

ಹಾಗಾಗಿ ಕಟ್ಟಿದ್ದು ನಾನು. ಅವರು ಕಿಟಕಿಯಿಂದ ಹೇಳುತ್ತಿದ್ದರು. ಅವರ ಕೆಲಸದ ಚೀಲ ಗೂಟಕ್ಕೆ ತೂಗುತ್ತಿತ್ತು. ಅದರಿಂದ ಕಟಿಂಗ್ ಪ್ಲೇಯರ್ ತೆಗೆದು ಕೊಟ್ಟರು. ಬಿದಿರಿನ ಕೋಲು ನೆಟ್ಟು, ಜಾಲರಿ ಸುತ್ತಿ, ಸಣ್ಣ ತಂತಿಯಿಂದ ಬಿಗಿಯಬೇಕು. ತಂತಿಯನ್ನು ಎಳೆದು ಬಿಗಿಯಬಾರದು, ತಿರುವಿ ಬಿಗಿಯಬೇಕು. ತುದಿಯನ್ನು ಹೊರಕ್ಕೆ ಮಡಚಬೇಕು, ಒಳಗಿನ ಪ್ರಾಣಿಗೆ ಚುಚ್ಚಬಾರದು. ನನ್ನ ಬೆರಳುಗಳು ಹರಿದವು. ಸಂಜೆ ಅವ್ವ ಎಣ್ಣೆ ಹಚ್ಚುವಾಗ ಉರಿಯಿತು. ಉರಿಯುವುದು ಗೊತ್ತಾಗಿ ಆಶ್ಚರ್ಯವಾಯಿತು.

ಪಂಜರ ನನಗಿಂತ ಎತ್ತರವಾಯಿತು. ಒಳಗೆ ಬೇವಿನ ಟೊಂಗೆಗಳನ್ನು ಓರೆಯಾಗಿ ಕಟ್ಟಿದೆ. ಗೋಸುಂಬೆಯನ್ನು ಬಿಟ್ಟಾಗ ಅದು ಸ್ವಲ್ಪ ಹೊತ್ತು ಕೆಳಗೇ ಇತ್ತು. ಮುಂದೊಂದು ಹೆಜ್ಜೆ ಇಡುವಂತೆ ಮಾಡಿ, ಹಿಂದಕ್ಕೆ ತೂಗಿ, ಮತ್ತೆ ಮುಂದಿಟ್ಟು, ಬಾತ ಕಾಲನ್ನು ಎಳೆಯುತ್ತಾ ಮೇಲೆ ಹೋಯಿತು. ತುದಿಗೆ ಹೋಗಿ ಕೂತಿತು. ಮಧ್ಯಾಹ್ನದ ಹೊತ್ತಿಗೆ ಹಸಿರಾಗಿತ್ತು.

ಆದರೆ ಕಿಟಕಿಯಿಂದ ಚಾಚಾನಿಗೆ ಪಂಜರದ ಕೆಳಗಿನ ಅರ್ಧ ಮಾತ್ರ ಕಾಣುತ್ತಿತ್ತು. ಗೋಸುಂಬೆ ಯಾವಾಗಲೂ ಮೇಲಿನ ಅರ್ಧದಲ್ಲಿರುತ್ತಿತ್ತು. ಚಾಚಿ ಇದನ್ನು ಲೆಕ್ಕ ಹಾಕಿಯೇ ಆ ಜಾಗ ತೋರಿಸಿದ್ದರೋ ಏನೋ... ನಾನು ಕೇಳಲಿಲ್ಲ.

“ಎಲ್ಲಿ ಅದ?” ಎಂದು ಚಾಚಾ ಒಳಗಿನಿಂದ ಕೇಳುತ್ತಿದ್ದರು.

“ಮ್ಯಾಲ ಅದರಿ.”

“ಬಣ್ಣ?”

“ಹಸರು.”

“ಎಂಥಾ ಹಸರು?”

ನನಗೆ ಗೊತ್ತಿರಲಿಲ್ಲ. ಮತ್ತೆ ಹೋಗಿ ನೋಡಿ ಬರಬೇಕಾಗುತ್ತಿತ್ತು. ಎಳೆ ಅಲಸಂದೆಕಾಯಿಯ ಹಸಿರು. ಮಳೆಗಾಲದ ಕಲ್ಲಿನ ಮೇಲಿನ ಹಸಿರು. ಬಗಲಲ್ಲಿ ಎರಡು ಹಳದಿ ಪಟ್ಟೆ, ನಿನ್ನೆ ಇರಲಿಲ್ಲ. ಆ ವರ್ಷ ನನ್ನನ್ನು ಕೇಳಿದವರೆಲ್ಲ ಊಟ ಆಯ್ತೇನು, ನಿದ್ದಿ ಬರ್ತದೇನು ಎಂದೇ ಕೇಳುತ್ತಿದ್ದರು. ಹೌದು, ಇಲ್ಲ ಅಂದರೆ ಮುಗಿಯುತ್ತಿತ್ತು. ಚಾಚಾನ ಪ್ರಶ್ನೆಗಳಿಗೆ ಅಷ್ಟು ಸಾಲುತ್ತಿರಲಿಲ್ಲ.

ಒಂದು ದಿನ ಅದು ಮಿಡತೆ ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಎಲೆಗಳ ಮೇಲೆ ನೀರು ಚಿಮುಕಿಸಿದರೂ ನೆಕ್ಕಲಿಲ್ಲ. ತುದಿಯಿಂದ ಇಳಿದು ನಡುವೆ ಒಂದು ಕಡೆ ಬಾಯಿ ತೆರೆದುಕೊಂಡು ನಿಂತಿತ್ತು. ಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಬಂದು ಹೇಳಿದೆ. ಯಾವ ಕಡೆ ಮುಖ ಮಾಡಿದೆ, ಮೈ ಚಪ್ಪಟೆ ಮಾಡಿದೆಯೋ ಉಬ್ಬಿಸಿದೆಯೋ, ಬಿಸಿಲು ಎಲ್ಲಿ ಬೀಳುತ್ತಿದೆ ಎಂದು ಕೇಳಿದರು. ನಾನು ತಡವರಿಸಿದೆ. ಹೋಗಿ ನೋಡಿ ಬಂದು ಮತ್ತೆ ತಡವರಿಸಿದೆ. ಸತ್ತುಹೋಗುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಸಾಯುವುದನ್ನು ನಾನು ವಿವರಿಸಲಾರೆ.

“ನಿನಗ ಹೇಳಾಕ ಬರಂಗಿಲ್ಲ” ಎಂದು ಚಾಚಾ ಸಿಟ್ಟಾದರು. ಕಿಟಕಿಯ ಸರಳು ಹಿಡಿದು ಮೈಯನ್ನು ಎಳೆದುಕೊಂಡು ನೋಡಲು ಹೋದರು, ಆಗಲಿಲ್ಲ. ಕೈ ಬಿಟ್ಟು ದಿಂಬಿಗೆ ಬಿದ್ದರು. ಆಮೇಲೆ, “ಕುರ್ಚಿ ತಾ” ಅಂದರು.

ಚಾಚಿ ಶಾಲೆಯಲ್ಲಿದ್ದರು. ನಾನೊಬ್ಬಳೇ ಅವರನ್ನು ಎತ್ತಲಾರೆ. ಓಡಿಹೋಗಿ ಅವ್ವನನ್ನು ಕರೆದೆ. ಅವ್ವ ಗಿರಣಿ ನಿಲ್ಲಿಸಿ ಬಂದಳು. ಮೊಣಕೈವರೆಗೆ ಹಿಟ್ಟು. ಮಂಚದ ಹತ್ತಿರ ಬಂದು ನಿಂತವಳು ಕೈ ಚಾಚಲಿಲ್ಲ. ಪರಗಂಡಸು; ಮೇಲಾಗಿ ಅಷ್ಟು ವರ್ಷದ ನೆರೆಯವರು.

“ಅಕ್ಕಾ, ತಮ್ಮ ಅಂತ ತಿಳಕೋರಿ” ಎಂದು ಚಾಚಾ ಕಣ್ಣು ಮುಚ್ಚಿಕೊಂಡರು.

“ತಿಳಕೊಳ್ಳೋದೇನದ” ಎಂದು ಅವ್ವ ಅವರ ಬಗಲಿಗೆ ಕೈ ಹಾಕಿದಳು. “ಹಿಡಿಯೇ, ಕಾಲ ಹಿಡಿ.”

ಕಾಲು ಹಿಡಿದೆ. ಅವು ತಣ್ಣಗಿದ್ದವು, ಹಗುರವಾಗಿದ್ದವು. ಹೇಗೋ ಎತ್ತಿ ಕೂರಿಸಿದೆವು. ಕುರ್ಚಿಯ ಪ್ಲಾಸ್ಟಿಕ್ ಹಾಳೆ ಚರಚರ ಸದ್ದು ಮಾಡಿತು. ಅವರ ಕಪ್ಪು ಅಂಗಿಯ ಎರಡು ಬಗಲಲ್ಲೂ ಅವ್ವನ ಹಿಟ್ಟಿನ ಕೈ ಮೂಡಿತ್ತು. ಹೊಸ್ತಿಲ ಹತ್ತಿರ ಒಂದು ಕ್ಷಣ ಅವರು ಗಾಲಿ ಹಿಡಿದು ನಿಲ್ಲಿಸಿದರು. ಓಣಿಯಲ್ಲಿ ಯಾರೋ ಹೋಗುತ್ತಿದ್ದರು. ಅವರು ದಾಟಿ ಹೋಗಲಿ ಎಂದು ಕಾದು, ಆಮೇಲೆ ಕೈ ಬಿಟ್ಟರು. ಹೊರಗಿನ ಬೆಳಕಿಗೆ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಂಡು ಮೇಲೆ ನೋಡಿದರು.

ಬಹಳ ಹೊತ್ತು ನೋಡಿದರು.

“ನಂದೇ ತಪ್ಪು” ಅಂದರು. “ಎತ್ತರ ಎತ್ತರ ಅಂತ ಕುಂತೆ. ಎತ್ತರ ಸಾಕಾಗ್ಯದ, ಅಗಲ ಸಾಲಲ್ಲ. ಬಿಸಿಲು ಸರದದ, ಪೂರಾ ಪಿಂಜರದ ಮ್ಯಾಲೆ ಬಿದ್ದದ. ನೆಳ್ಳಿಗಿ ಹೋಗ್ಬೇಕಂದ್ರ ಅದಕ್ಕ ಜಾಗನೇ ಇಲ್ಲ ನೋಡು.”

ಮೊದಲು ಗೋಣಿಚೀಲ ಹಾಕಿ ನೆರಳು ಮಾಡಿದೆವು. ಉಳಿದ ಜಾಲರಿ ತಂದು, ಬೇವಿನ ನೆರಳು ಇದ್ದ ಕಡೆಗೆ ಪಂಜರವನ್ನು ಮತ್ತೊಂದಷ್ಟು ಅಗಲ ಮಾಡತೊಡಗಿದೆ. ಅವ್ವ ಕೋಲು ಹಿಡಿದುಕೊಂಡಳು. ನಡುವಿನ ಜಾಲರಿ ಕೊಯ್ದು ಎರಡನ್ನೂ ಕೂಡಿಸಿದಾಗ ಗೋಸುಂಬೆ ತಾನಾಗಿಯೇ ತೂಗುತ್ತಾ ತೂಗುತ್ತಾ ನೆರಳಿನ ಕಡೆಗೆ ನಡೆಯಿತು. ಸಂಜೆ ಮುಂಚೆ ಒಂದು ಹಸಿರು ಮಿಡತೆ ತಿಂದಿತು. ನಾಲಿಗೆ ಹೋದದ್ದೂ ಕಾಣಲಿಲ್ಲ, ಬಂದದ್ದೂ ಕಾಣಲಿಲ್ಲ.

ಚಾಚಿ ಶಾಲೆಯ ಪಾತ್ರೆ ಹಿಡಿದುಕೊಂಡು ಬಂದವರು ಅಂಗಳದ ಬಾಗಿಲಲ್ಲಿ ನಿಂತರು. ಕುರ್ಚಿ ನೋಡಿದರು. ಅವರು ಏನಾದರೂ ಅನ್ನುತ್ತಾರೆಂದು ನಾನು ಕಾದೆ. ಅವರು ಒಳಗೆ ಹೋದರು. ಮುಖ ತೊಳೆಯುವ ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಚಹಾ ತಂದು, ದಿನಾ ಅಲ್ಲೇ ಕೊಡುವವರ ಹಾಗೆ, ಗಂಡನ ಕೈಗೆ ಇಟ್ಟರು.

ಅಲ್ಲಿಂದ ಮುಂದೆ ಹೆಚ್ಚಿನ ಬೆಳಗುಗಳಲ್ಲಿ ಚಾಚಾ ಹೊರಗೆ ಬರುತ್ತಿದ್ದರು. ಓಣಿಯವರು ಮೊದಮೊದಲು ಗೋಸುಂಬೆ ನೋಡುವ ನೆವದಲ್ಲಿ ಬಂದರು. ಬಂದವರು ಅವರ ಮೇಲೆ ಬಗ್ಗಿ ನಿಂತು, ಕಿವುಡರ ಹತ್ತಿರ ಮಾತಾಡುವಂತೆ ಜೋರಾಗಿ ಮಾತಾಡುತ್ತಿದ್ದರು. ಚಾಚಾ ಉತ್ತರ ಕೊಡದೆ ಕಟ್ಟೆ ತೋರಿಸುತ್ತಿದ್ದರು: “ಕುಂತು ಮಾತಾಡ್ರಿ.” ಕೂತ ಮೇಲೆ ಮಾತಾಡುತ್ತಿದ್ದರು. ನಾನೂ ಎತ್ತರದ ಸ್ಟೂಲು ಬಿಟ್ಟು ತಗ್ಗಿನ ಕಲ್ಲಿನ ಮೇಲೆ ಕೂರತೊಡಗಿದೆ.

ಮಳೆ ಶುರುವಾಗುವ ಹೊತ್ತಿಗೆ ಗೋಸುಂಬೆಯ ಕಾಲು ವಾಸಿಯಾಗಿತ್ತು. ಗಾರ್ಡ್ ಬಂದು ನೋಡಿ, ಬಿಡಬಹುದು ಅಂದರು. ಒಂದು ಆಟೋ ತರಿಸಿದೆವು. ಕುರ್ಚಿ ಮಡಚಿ ಹಿಂದೆ ಹಾಕಿ, ಚಾಚಾನನ್ನು ನಡುವೆ ಕೂರಿಸಿ, ಒಂದು ಕಡೆ ಚಾಚಿ, ಒಂದು ಕಡೆ ಬುಟ್ಟಿ ಹಿಡಿದ ನಾನು. ಊರ ಹೊರಗಿನ ಗುಡ್ಡದ ಬುಡದಲ್ಲಿ ಬಂಡೆಗಳ ನಡುವೆ ಒಂದು ದೊಡ್ಡ ಬೇವಿತ್ತು. ಆಟೋದಿಂದ ಇಳಿಸಿ ಕುರ್ಚಿಯನ್ನು ಮರದ ತನಕ ತಳ್ಳಿದೆವು. ಕಲ್ಲು ಅಡ್ಡ ಬಂದ ಕಡೆ ಗಾರ್ಡ್ ಕೈ ಹಾಕಿದರು. ಚಾಚಾ ಕೋಲು ಚಾಚಿದರು. ಗೋಸುಂಬೆ ಕೋಲಿನಿಂದ ಕಾಂಡಕ್ಕೆ ದಾಟಿತು. ಒಂದು ಕಣ್ಣನ್ನು ಹಿಂದಕ್ಕೆ ತಿರುಗಿಸಿ ನಮ್ಮನ್ನು ನೋಡಿತೋ, ಹುಳ ನೋಡಿತೋ... ಮೇಲೆ ಹೋಯಿತು.

“ಕಾಣತದೇನು?” ಎಂದು ಚಾಚಾ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

“ಇಲ್ರಿ.”

“ಛಲೋ ಆತು.”

ಆಮೇಲೆ ನಾನು ಯಾದಗಿರಿಗೆ ಬಂದೆ. ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಸೀಸೆಗಳ ಮೇಲೆ ಚೀಟಿ ಅಂಟಿಸುವ, ವರದಿ ಟೈಪ್ ಮಾಡುವ ಕೆಲಸ. ಹೋಗುತ್ತೇನೆ ಎಂದು ಹೇಳಲು ಹೋದಾಗ ಚಾಚಾ ಅಂಗಳದಲ್ಲಿದ್ದರು. “ಹೋಗು ಬೇಟಾ” ಅಂದರು. ಇನ್ನೇನೋ ಹೇಳಲಿದ್ದರು, ಕೆಮ್ಮು ಬಂತು. ಗೋಸುಂಬೆ ಹೋದ ಮೇಲೆಯೂ ಅವರು ಹೊರಗೆ ಬರುತ್ತಿದ್ದರು. ದಿನಾ ಅಲ್ಲ. ಕೆಲವು ವಾರ ಪೂರಾ ಒಳಗೇ ಇರುತ್ತಿದ್ದರೆಂದು ಅವ್ವ ಹೇಳುತ್ತಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಬೇಕು.

ಮುಂದಿನ ಚಳಿಗಾಲದಲ್ಲಿ, ಮಲಗಿ ಮಲಗಿ ಆಗಿದ್ದ ಬೆನ್ನಿನ ಹುಣ್ಣಿಗೆ ಕೀವು ತುಂಬಿ ಚಾಚಾನಿಗೆ ಜ್ವರ ಬಂತು. ಕಲಬುರಗಿಗೆ ಒಯ್ದರು. ತಿರುಗಿ ಬರಲಿಲ್ಲ. ಅವ್ವನ ಫೋನು ಬಂದಾಗ ಸೀಸೆಗಳ ಸಾಲು ನನ್ನ ಮುಂದಿತ್ತು. ಅಷ್ಟಕ್ಕೂ ಚೀಟಿ ಅಂಟಿಸಿ ಎದ್ದೆ. ಸುರಪುರ ಮುಟ್ಟುವಷ್ಟರಲ್ಲಿ ಅವರನ್ನು ಮಣ್ಣು ಮಾಡಿ ಗಂಡಸರು ತಿರುಗಿ ಬಂದಿದ್ದರು. ಮನೆಯ ಮುಂದೆ ಚಪ್ಪಲಿಗಳ ರಾಶಿ ಇತ್ತು. ಚಾಚಿ ಹೆಂಗಸರ ನಡುವೆ ಕೂತಿದ್ದರು. ನನ್ನನ್ನು ನೋಡಿ, “ಉಂಡಿಯೇನು?” ಎಂದು ಕೇಳಿದರು. “ಹೂಂನ್ರಿ” ಅಂದೆ. ಉಂಡಿರಲಿಲ್ಲ.

ಇದೆಲ್ಲ ಆಗಿ ವರ್ಷಗಳಾದವು. ಜಾಲರಿ ಕೊಂಡ ಆ ವಾರದ ಭಾನುವಾರ ಸುರಪುರಕ್ಕೆ ಹೋದೆ. ಚಾಚಿ ಈಗ ಶಾಲೆಗೆ ಹೋಗುವುದಿಲ್ಲ, ಮೊಣಕಾಲು ನೋವು. ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು ಕಬರಸ್ತಾನದ ತನಕ ನಡೆದರು. ಅವರಲ್ಲಿ ಹೆಂಗಸರು ಒಳಗೆ ಹೋಗುವುದಿಲ್ಲ. ಗೋಡೆಯ ಹೊರಗೆ ನಿಂತು ನೋಡಿದೆವು. ಒಳಗೆ ಹುಲ್ಲು ಎದೆಮಟ್ಟ ಬೆಳೆದಿತ್ತು.

“ಆ ಕಡಿ” ಎಂದು ಚಾಚಿ ಕೈ ತೋರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಕೈಯನ್ನು ಇನ್ನೊಂದು ಕಡೆಗೆ ಸರಿಸಿದರು. “ಇಲ್ಲ... ಅಲ್ಲೇ ಎಲ್ಲೋ.”

ನನಗೂ ಗೊತ್ತಿರಲಿಲ್ಲ. ಇಬ್ಬರೂ ಇಡೀ ಹುಲ್ಲನ್ನು ನೋಡಿ ತಿರುಗಿ ಬಂದೆವು.

ಯಾದಗಿರಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಶಹಾಪುರದಲ್ಲಿ ವಯಸ್ಸಾದ ಹೆಂಗಸೊಬ್ಬರು ಹತ್ತಿ ನನ್ನ ಪಕ್ಕ ಕೂತರು. ಮಡಿಲಲ್ಲಿ ಪುಂಡಿಪಲ್ಲೆ ಸೊಪ್ಪಿನ ಚೀಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಯಾಕವ್ವ, ಸತ್ತವರ ಮನಿಗಿ ಹೋಗಿ ಬಂದಂಗ ಕುಂತೀದಿ?” ಎಂದು ಕೇಳಿದರು.

“ಹೌದ್ರಿ” ಅಂದೆ.

“ಯಾರ ಹೋದ್ರವ್ವ?”

ಬಾಜೂ ಮನೆಯವರು, ಲೈನ್‌ಮನ್ ಇದ್ದರು ಎಂದು ಹೇಳಬೇಕೆಂದಿದ್ದೆ. ಬಾಯಿ ತೆರೆದಾಗ ಬಂದದ್ದು, “ನಮ್ಮ ಮನಿಯವರು” ಎಂಬ ಮಾತು.

ಗಂಡ ಹೋದ ಮೇಲೆ ಆ ಮಾತನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಆಕೆ ನನ್ನ ಕೊರಳು ನೋಡಿದರು, ಹಣೆ ನೋಡಿದರು. “ಸಣ್ಣ ವಯಸ್ಸವ್ವ ನಿಂದು” ಎಂದು ನನ್ನ ಮೊಣಕಾಲ ಮೇಲೆ ಕೈ ಇಟ್ಟರು. ನಾನು ತಿದ್ದಲಿಲ್ಲ.

“ಯಾವಾಗ?”

“ಭಾಳ ದಿನಾ ಆತ್ರಿ” ಅಂದೆ.

ಭೀಮಾ ನದಿಯ ಸೇತುವೆ ಬರುವ ತನಕ ಅವರು ಕೈ ತೆಗೆಯಲಿಲ್ಲ. ಬಿಸಿ ಕೈ. ಅದರ ಭಾರ ನನಗೆ ಗೊತ್ತಾಗುತ್ತಿತ್ತು.